ನಮ್ಮ ಫೋಟೋ ನೋಡೋದು ಯಾರು?

ಅರಸೀಕೆರೆಯಲ್ಲಿರುವ ತಂಗಿ ಮಗ ಮೊನ್ನೆ ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿದ. "ಮಾವ, ಒಂದು ಆನ್‌ಲೈನ್ ಫೋಟೋಗ್ರಫಿ ಕೋರ್ಸ್ ಇದೆ. 32,000 ರೂಪಾಯಿದು. ಇವತ್ತು ಹನ್ನೆರಡರೊಳಗೆ ಕಟ್ಟಿದ್ರೆ 7,999ಕ್ಕೆ ಕೊಡ್ತಾರಂತೆ. ಸೇರ್ಕೊಳ್ಲಾ?"

"ಸುಮ್ನೆ ಮಲ್ಕೋ ಮಾರಾಯ. ನಾಳೆನೂ ಅದೇ ರೇಟ್ ಇರುತ್ತೆ" ಅಂದೆ. ಬೆಳಿಗ್ಗೆ ನೋಡಿದರೆ ಅದೇ ರೇಟ್, ಅದೇ "ಇವತ್ತು ರಾತ್ರಿ ಹನ್ನೆರಡರವರೆಗೆ ಮಾತ್ರ".

ನಾನೂ ಒಮ್ಮೆ ಹೀಗೆ ದುಡ್ಡು ಕಳೆದುಕೊಂಡವನೇ. ನಮ್ಮದು ಸಾಗರದ ಹತ್ತಿರದ ಹಳ್ಳಿ, ಕೆಲಸ ಸಹಕಾರಿ ಸೊಸೈಟಿಯಲ್ಲಿ. 2017ರಲ್ಲಿ ಕ್ಯಾಮೆರಾ ತಗೊಂಡೆ. ಜೊತೆಗೆ ಬಂದ 18-55 ಕಿಟ್ ಲೆನ್ಸು ಬಿಟ್ಟರೆ ಇನ್ನೇನೂ ಇರಲಿಲ್ಲ. ರಜೆ ಹಾಕಿ ಬೆಂಗಳೂರಿಗೆ ಹೋಗಿ ಕಲಿಯುವ ಹಾಗಿರಲಿಲ್ಲ. ಹಾಗಾಗಿ ಒಂದು ಆನ್‌ಲೈನ್ ಕೋರ್ಸಿಗೆ 14,000 ಕಟ್ಟಿದೆ. ಯಾರದ್ದು ಅನ್ನುವುದು ಬೇಡ ಬಿಡಿ. ನಲವತ್ತೆರಡು ವಿಡಿಯೊ, ಒಂದೊಂದರ ಕೊನೆಗೂ ಐದೈದು ಪ್ರಶ್ನೆ. ಎರಡು ವಾರದಲ್ಲಿ ಎಲ್ಲ ಮುಗಿಯಿತು. ಸರ್ಟಿಫಿಕೇಟ್ ಮೇಲ್‌ಗೆ ಬಂತು, ಅದರಲ್ಲಿ ನನ್ನ ಹೆಸರೇ ತಪ್ಪು. ಹೋಗಲಿ ಅಂದರೆ, ಆ ಎರಡು ವಾರದಲ್ಲಿ "ನೀವು ತೆಗೆದ ಒಂದು ಫೋಟೋ ಕಳಿಸಿ" ಅಂತ ಯಾರೂ ಕೇಳಲಿಲ್ಲ. ಫೋಟೋಗ್ರಫಿ ಕೋರ್ಸ್ ಸ್ವಾಮಿ ಅದು!

ಅವರು ಹೇಳಿಕೊಟ್ಟದ್ದರಲ್ಲಿ ತಪ್ಪಿರಲಿಲ್ಲ. ಅಪರ್ಚರ್ (ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ), ಶಟರ್ ಸ್ಪೀಡ್ (ಬೆಳಕು ಎಷ್ಟು ಹೊತ್ತು ಒಳಗೆ ಬರುತ್ತದೆ), ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ) ಎಲ್ಲ ಸರಿಯಾಗೇ ಇತ್ತು. ಆದರೆ ಅಷ್ಟಕ್ಕೆ ದುಡ್ಡು ಯಾಕೆ? ಸ್ಟ್ಯಾನ್‌ಫರ್ಡ್‌ನಲ್ಲಿ ಮೇಷ್ಟರಾಗಿದ್ದ ಮಾರ್ಕ್ ಲೆವಾಯ್ 2016ರಲ್ಲಿ ಗೂಗಲ್‌ನವರಿಗೆ ಮಾಡಿದ 18 ಪಾಠಗಳು ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತವೆ. ಲೆನ್ಸಿನ ಒಳಗೆ ಬೆಳಕಿಗೆ ಏನಾಗುತ್ತದೆ ಅನ್ನುವುದನ್ನು ಅಷ್ಟು ಬಿಡಿಸಿ ಹೇಳಿದ್ದನ್ನು ನಾನು ಬೇರೆ ಕಡೆ ಕಂಡಿಲ್ಲ. ಸ್ವಲ್ಪ ಲೆಕ್ಕ ಬರುತ್ತದೆ, ಹೆದರಬೇಡಿ. ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯ ಒಂದು ಕೋರ್ಸ್ ಕೋರ್ಸೆರಾ ಅನ್ನುವ ವೆಬ್‌ಸೈಟಿನಲ್ಲಿದೆ, ಮೊಬೈಲ್ ಇಟ್ಟುಕೊಂಡೂ ಮಾಡಬಹುದು. ಅಲ್ಲಿ ಫೋಟೋ ಕೇಳುತ್ತಾರೆ, ಆದರೆ ನೋಡುವವರು ನಮ್ಮ ಹಾಗೇ ಕಲಿಯಲು ಬಂದವರು. "ನೈಸ್ ಶಾಟ್" ಅಂತ ಬರೆದು ಮಾರ್ಕ್ಸ್ ಹಾಕಿಬಿಟ್ಟರೆ ಏನು ಕಲಿತ ಹಾಗಾಯಿತು?

ಪಾಠ ಎಲ್ಲಿ ಬೇಕಾದರೂ ಸಿಗುತ್ತದೆ. ನಮ್ಮ ಫೋಟೋ ಮುಂದಿಟ್ಟುಕೊಂಡು, ಎಲ್ಲಿ ಕೆಟ್ಟಿದೆ, ಯಾಕೆ ಕೆಟ್ಟಿದೆ ಅಂತ ಮುಲಾಜಿಲ್ಲದೆ ಹೇಳುವವರು ಸಿಗುವುದು ಕಷ್ಟ. ದುಡ್ಡು ಕೊಡುವುದಿದ್ದರೆ ಅವರಿಗೆ ಕೊಡಬೇಕು ಅನ್ನುವುದು ನನ್ನ ವಾದ.

ದೂರದಿಂದ ಕಲಿಸುವುದು ಇಂಟರ್ನೆಟ್ ಬಂದಮೇಲೆ ಶುರುವಾದದ್ದಲ್ಲ. ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಫೋಟೋಗ್ರಫಿ 1910ರಷ್ಟು ಹಳೆಯದು, ಅಂಚೆಯಲ್ಲಿ ಕಲಿಸಿಯೇ ಹೆಸರು ಮಾಡಿದ್ದು. ಕ್ಯಾಸೆಟ್ಟಿನ ಕಾಲದಲ್ಲಿ ವಿದ್ಯಾರ್ಥಿ ಪ್ರಿಂಟ್ ಹಾಕಿಸಿ ಅಂಚೆಗೆ ಹಾಕುತ್ತಿದ್ದ. ಮೇಷ್ಟರು ಅದನ್ನು ನೋಡುತ್ತಾ ಮಾತಾಡಿ, ಕ್ಯಾಸೆಟ್ ತುಂಬಿಸಿ ವಾಪಸ್ ಕಳಿಸುತ್ತಿದ್ದರು. ದೂರದಿಂದಾಗಲಿ ಹತ್ತಿರದಿಂದಾಗಲಿ, ನೋಡಿ ಹೇಳುವ ಗುರು ಬೇಕು. ನಮ್ಮ ಬೆಂಗಳೂರಿನ ಹೆಸರಾಂತ ವನ್ಯಜೀವಿ ಫೋಟೋಗ್ರಾಫರ್ ಟಿ.ಎನ್.ಎ. ಪೆರುಮಾಳ್ ಅಂಥವರೂ ಹಿರಿಯ ಫೋಟೋಗ್ರಾಫರ್ ಒ.ಸಿ. ಎಡ್ವರ್ಡ್ಸ್ ಅವರ ಗರಡಿಯಲ್ಲೇ ಪಳಗಿದ್ದು.

ನನಗೆ ಅಂಥವರು ಸಿಕ್ಕಿದ್ದು 2019ರಲ್ಲಿ. ಒಬ್ಬ ರಿಟೈರ್ಡ್ ಮೇಷ್ಟರು ಮನೆಯಿಂದಲೇ ನಡೆಸುತ್ತಿದ್ದ ಕೋರ್ಸು. ಆರು ತಿಂಗಳು, ಎಂಟು ಅಸೈನ್‌ಮೆಂಟು, 6,000 ರೂಪಾಯಿ. ವಿಡಿಯೊ ಗಿಡಿಯೊ ಏನಿಲ್ಲ. ಫೋಟೋ ಮೇಲ್ ಮಾಡಿದರೆ ಮೂರು ನಾಲ್ಕು ದಿನಕ್ಕೆ ವಾಟ್ಸಾಪಿನಲ್ಲಿ ಅವರ ದನಿ ಬರುತ್ತಿತ್ತು.

ಮೂರನೇ ಅಸೈನ್‌ಮೆಂಟು "ಒಂದೇ ದೀಪ". ನಮ್ಮಲ್ಲಿ ಅಡಿಕೆ ಸುಲಿಯುವ ಹೊತ್ತು. ರಾತ್ರಿ ಜಗಲಿಯಲ್ಲಿ ಒಂದು ಬಲ್ಬು ಇಳಿಬಿಟ್ಟುಕೊಂಡು ದೊಡ್ಡಮ್ಮ ಮತ್ತೆ ನಾಲ್ಕು ಜನ ಮೆಟ್ಟುಗತ್ತಿ ಮುಂದೆ ಕೂತಿದ್ದರು. ನಿಂತಲ್ಲಿಂದಲೇ ಇಪ್ಪತ್ತು ಮೂವತ್ತು ಫೋಟೋ ಹೊಡೆದು, ಚೆಂದ ಅನ್ನಿಸಿದ್ದನ್ನು ಕಳಿಸಿದೆ. ಮೇಷ್ಟರ ದನಿ ಬಂತು: "ಬಲ್ಬು ಚೆನ್ನಾಗಿ ಬಂದಿದೆ ಕಣಪ್ಪ. ನೀನು ಬಲ್ಬಿನ ಫೋಟೋ ತೆಗೆಯೋಕೆ ಹೋಗಿದ್ಯಾ?" ನೋಡಿದರೆ ಹೌದು, ಫ್ರೇಮಿನ ನಡುವೆ ಬೆಳ್ಳಗೆ ಉರಿಯುತ್ತಿದ್ದದ್ದು ಅದೊಂದೇ. ದೊಡ್ಡಮ್ಮನ ಮುಖ ಅರ್ಧ ಕತ್ತಲೆ, ಕೈ ಬರೀ ಮಬ್ಬು. "ನಾಳೆ ಮತ್ತೆ ಹೋಗು. ಎಡಕ್ಕೆ ಅರ್ಧ ಹೆಜ್ಜೆ ಸರಿ, ಬಲ್ಬು ಕಂಬದ ಹಿಂದೆ ಹೋಗಲಿ. ನೆಲಕ್ಕೆ ಕೂತ್ಕೋ, ಕತ್ತಿ ಇರೋ ಎತ್ತರಕ್ಕೆ ಬಾ."

ಹೋದೆ. ಸಿಪ್ಪೆ ರಾಶಿಯ ಮೇಲೆ ಕೂತೆ. "ಇವನಿಗೇನು ಹಿಡ್ಕೊಂತು" ಅಂತ ಎಲ್ಲರೂ ನಕ್ಕರು. ಈ ಸಲ ಮೇಷ್ಟರು, "ಈಗ ಬೆರಳು ಕಂಡ್ತು. ಆದ್ರೆ ಅಲುಗಾಡಿದೆ. ಶಟರ್ 1/15 ಸೆಕೆಂಡ್ ಇಟ್ಟಿದ್ದೀಯ, ಕೆಲಸ ಮಾಡೋ ಕೈ ನಿನಗೋಸ್ಕರ ನಿಲ್ಲುತ್ತಾ? ಐಎಸ್‌ಒ 400 ಇದೆ, 1600 ಮಾಡು, 1/60 ಸಿಗುತ್ತೆ. ಫೋಟೋದಲ್ಲಿ ಮರಳಿನ ಥರ ಕಾಳು ಬಂದ್ರೆ ಬರಲಿ" ಅಂದರು. ಮೂರನೇ ರಾತ್ರಿ ಬಂದ ಫೋಟೋ ಈಗಲೂ ನಮ್ಮ ಗೋಡೆ ಮೇಲಿದೆ. ನಲವತ್ತೆರಡು ವಿಡಿಯೊದಲ್ಲಿ ತಲೆಗೆ ಹೋಗದ ಐಎಸ್‌ಒ ಆ ಒಂದು ವಾಯ್ಸ್ ಮೆಸೇಜಿನಲ್ಲಿ ಹೋಯಿತು.

ಅದಕ್ಕೇ ತಂಗಿ ಮಗನಿಗೆ ಹೇಳಿದ್ದು ಇಷ್ಟು. ದುಡ್ಡು ಕಟ್ಟುವ ಮೊದಲು ಫೋನ್ ಮಾಡಿ ಕೇಳು: ನನ್ನ ಫೋಟೋ ನೋಡೋದು ಯಾರು? ಅವರು ತೆಗೆದ ಫೋಟೋ ನಾನು ನೋಡಬಹುದಾ? ಎಷ್ಟು ಅಸೈನ್‌ಮೆಂಟು, ಉತ್ತರ ಎಷ್ಟು ದಿನಕ್ಕೆ? ತಿದ್ದಿದ ಮೇಲೆ ಮತ್ತೆ ಕಳಿಸಬಹುದಾ? ಈ ಕೊನೆಯದು ಮುಖ್ಯ. ಎರಡನೇ ಸಲ ನೋಡದಿದ್ದರೆ ಮೊದಲ ಸಲ ಹೇಳಿದ್ದು ಅರ್ಧ ವ್ಯರ್ಥ. ಹಾಗೇ, ಇರುವ ಕಿಟ್ ಲೆನ್ಸಿನಲ್ಲೇ ಎಲ್ಲ ಅಸೈನ್‌ಮೆಂಟ್ ಮಾಡಲು ಆಗುತ್ತದಾ ಅಂತಲೂ ಕೇಳಬೇಕು. ಕೆಲವರು ನಾಲ್ಕನೇ ಪಾಠಕ್ಕೆ ಎರಡು ಫ್ಲ್ಯಾಶ್, ಬೆಳಕು ಮೆದುವಾಗಿಸುವ ಸಾಫ್ಟ್‌ಬಾಕ್ಸ್ ತನ್ನಿ ಅಂತಾರೆ. ನಮ್ಮ ಕಡೆಯವರು ಇನ್ನೊಂದು ನೋಡಿಕೊಳ್ಳಬೇಕು: ಪಾಠ ಡೌನ್‌ಲೋಡ್ ಆಗುತ್ತದಾ ಅಂತ. ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಲೈವ್ ಕ್ಲಾಸ್ ಅಂತ ಕೂತರೆ ಬರೀ ಉರುಟು ತಿರುಗುವುದನ್ನು ನೋಡುತ್ತಿರಬೇಕು, ಅಲ್ವಾ.

ಫೀಜು ಕಂತಿನಲ್ಲಿ ಕಟ್ಟಿ, "ನೋ ಕಾಸ್ಟ್ ಇಎಂಐ" ಇದೆ ಅಂದರೆ ಅದು ಸಾಮಾನ್ಯವಾಗಿ ಯಾವುದೋ ಫೈನಾನ್ಸಿನ ಸಾಲ. ಕೋರ್ಸ್ ಬಿಟ್ಟರೂ ಕಂತು ಬಿಡುವುದಿಲ್ಲ. ಸೊಸೈಟಿಯಲ್ಲಿ ಕೂತವನ ಮಾತು, ನಂಬಿ.

ಸರ್ಟಿಫಿಕೇಟಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮದುವೆಗೆ ಬುಕ್ ಮಾಡುವವರು ಹಳೇ ಆಲ್ಬಂ ತೋರಿಸಿ ಅಂತಾರೆಯೇ ಹೊರತು ಸರ್ಟಿಫಿಕೇಟ್ ಕೇಳಿದ್ದನ್ನು ನಾನಂತೂ ಕಂಡಿಲ್ಲ. ಕೆಲಸಕ್ಕೆ ಡಿಗ್ರಿಯೇ ಬೇಕು ಅನ್ನುವವರ ಲೆಕ್ಕ ಬೇರೆ. ದೂರಶಿಕ್ಷಣದ ಡಿಗ್ರಿಗೆ ಯುಜಿಸಿಯ ಒಪ್ಪಿಗೆ ಇದೆಯಾ ಅಂತ ಅವರ ಪಟ್ಟಿಯಲ್ಲೇ ನೋಡಿ, ಜಾಹೀರಾತು ನಂಬಬೇಡಿ. ಹೆಸರಿನ ಮುಂದೆ ಏನಾದರೂ ಬೇಕೇ ಬೇಕು ಅಂದರೆ ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿಗೆ ಹತ್ತು ಫೋಟೋ ಕಳಿಸಿ ಅವರ ಮೊದಲ ಹಂತದ ಮನ್ನಣೆಯಾದ ಎಲ್‌ಆರ್‌ಪಿಎಸ್‌ಗೆ ಪ್ರಯತ್ನಿಸಬಹುದು. ಪಾಸಾಗಬಹುದು, ಆಗದೆಯೂ ಇರಬಹುದು. ಅದಕ್ಕೇ ಅದಕ್ಕೊಂದು ಬೆಲೆ.

ಹುಡುಗ ಫೋನ್ ಮಾಡಿ ಕೇಳಿದನಂತೆ. "ಫೀಡ್‌ಬ್ಯಾಕ್ ಪ್ರೀಮಿಯಂ ಪ್ಲಾನಲ್ಲಿ ಬರುತ್ತೆ ಸರ್" ಅಂದರಂತೆ. ಸೇರಲಿಲ್ಲ. ನಿನ್ನೆ ಬಸ್‌ಸ್ಟ್ಯಾಂಡ್ ಹತ್ತಿರದ ಟೀ ಅಂಗಡಿಯ ಫೋಟೋ ಒಂದು ಕಳಿಸಿ, "ಹೆಂಗಿದೆ ಮಾವ?" ಅಂದ. ಹಬೆ ಚೆನ್ನಾಗಿ ಸಿಕ್ಕಿದೆ. ಆದರೆ ಹಾಲಿನ ಪಾತ್ರೆ ಅರ್ಧ ಕಟ್ ಆಗಿದೆ, ಹಿಂದೆ ರೀಚಾರ್ಜ್ ಬೋರ್ಡು ಟೀ ಮಾಡುವವನ ತಲೆ ಮೇಲೇ ಕೂತಿದೆ. ಅದನ್ನೇ ಬರೆದು ಕಳಿಸಿದೆ. ನಾಳೆ ಬೆಳಿಗ್ಗೆ ಆರು ಗಂಟೆಗೆ ಮತ್ತೆ ಹೋಗ್ತಾನಂತೆ.