ಎರಡನೇ ಬಾಟಲಿ

ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯಾ ಅಂತ ಬೆಳೆಸಿ ನೋಡುವ ಪರೀಕ್ಷೆ ಬ್ಲಡ್ ಕಲ್ಚರ್. ಅದಕ್ಕೆ ಎರಡು ಬಾಟಲಿ. ಒಂದು ಗಾಳಿ ಬೇಕಾದ ಬ್ಯಾಕ್ಟೀರಿಯಾಗಳಿಗೆ, ಇನ್ನೊಂದು ಗಾಳಿ ಅಂದರೆ ಆಗದವುಗಳಿಗೆ. ನಾನು ನೋಡಿದ ಎಷ್ಟೋ ಲ್ಯಾಬ್‌ಗಳಿಗೆ ಈ ಎರಡನೆಯದು ಬರುವುದೇ ಇಲ್ಲ. "ಅದೆಲ್ಲಾ ಅಪರೂಪ ರೀ, ಸುಮ್ನೆ ಪೇಷಂಟ್‌ಗೆ ಖರ್ಚು" ಅಂತಾರೆ. ಹನ್ನೆರಡು ವರ್ಷದಿಂದ ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿದ್ದೇನೆ, ಈ ಮಾತು ಕೇಳಿದರೆ ಮೈ ಉರಿಯುತ್ತದೆ. ಬಲೆಯನ್ನೇ ಹಾಕದೆ ಮೀನಿಲ್ಲ ಅಂದರೆ ಹೇಗೆ?

ಒಂದು ಕೇಸ್ ಹೇಳುತ್ತೇನೆ. ಕಾಲೇಜು ಹುಡುಗ. ಶುರುವಾಗಿದ್ದು ಗಂಟಲು ನೋವಿನಿಂದ. ಮೆಡಿಕಲ್ ಶಾಪ್‌ನಲ್ಲಿ ಅಜಿಥ್ರೋಮೈಸಿನ್ ಅನ್ನುವ ಆಂಟಿಬಯಾಟಿಕ್ ಕೇಳಿ ತಂದು ಮೂರು ದಿನ ನುಂಗಿದ್ದಾನೆ. ಗಂಟಲೇನೋ ಸುಮಾರಾಯಿತು. ವಾರದೊಳಗೆ ಹಲ್ಲು ಕಟಕಟ ಅನ್ನುವ ಚಳಿಜ್ವರ, ಕತ್ತಿನ ಒಂದೇ ಪಕ್ಕ ನೋವು, ಉಸಿರೆಳೆದರೆ ಎದೆಯಲ್ಲಿ ಚುಚ್ಚಿದ ಹಾಗೆ. ಡೆಂಗಿ ಇಲ್ಲ, ಮಲೇರಿಯಾ ಇಲ್ಲ. ಪುಣ್ಯಕ್ಕೆ ಅವತ್ತು ಡ್ಯೂಟಿಯಲ್ಲಿದ್ದ ಡಾಕ್ಟರು ಆಂಟಿಬಯಾಟಿಕ್ ಇಂಜೆಕ್ಷನ್ ಶುರು ಮಾಡುವ ಮೊದಲೇ ಎರಡೂ ಬಾಟಲಿ ತುಂಬಿಸಿ ಕಳಿಸಿದ್ದರು. ಅವನ ಅಪ್ಪ ಬಿಲ್ ಹಿಡಿದುಕೊಂಡು ಬಂದು "ಎರಡೆರಡು ಯಾಕೆ?" ಅಂತ ಜಗಳ ತೆಗೆದಿದ್ದರು. ತಪ್ಪೇನಿಲ್ಲ ಬಿಡಿ, ದುಡ್ಡು ಅವರದ್ದಲ್ವಾ.

ಮೂರನೇ ದಿನ ಬೆಳಿಗ್ಗೆ, ಬಾಟಲಿಯಲ್ಲಿ ಏನೋ ಬೆಳೆದಿದೆ ಅಂತ ಮಷಿನ್ ಕೂಗಿತು. ಗಾಳಿಯಿಲ್ಲದ ಬಾಟಲಿ ಮಾತ್ರ. ಒಂದು ಹನಿ ತೆಗೆದೆ, ಕೊಳೆತ ವಾಸನೆ ಮೂಗಿಗೆ ಬಡಿಯಿತು. ಗ್ರಾಮ್ ಸ್ಟೇನ್ ಮಾಡಿದರೆ, ಅಂದರೆ ಬಣ್ಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ, ಗುಲಾಬಿ ಬಣ್ಣದ ಕಡ್ಡಿಯಂಥ ಬ್ಯಾಕ್ಟೀರಿಯಾಗಳು. ಒಂದು ಗಿಡ್ಡ, ಒಂದು ಉದ್ದ, ಇನ್ನೊಂದು ದಾರದ ಹಾಗೆ. ಕೂಡಲೇ ವಾರ್ಡಿಗೆ ಫೋನ್ ಮಾಡಿದೆ. ಬ್ಯಾಕ್ಟೀರಿಯಾ ಬೆಳೆಸಲು ಗಾಳಿಯಲ್ಲಿಟ್ಟ ಮಾಮೂಲಿ ಪ್ಲೇಟ್ ಮರುದಿನವೂ ಖಾಲಿ. ಆಮ್ಲಜನಕ ತೆಗೆದ ಜಾರ್‌ನಲ್ಲಿಟ್ಟ ಪ್ಲೇಟ್‌ನಲ್ಲಿ ಎರಡು ದಿನಕ್ಕೆ ಬ್ಯಾಕ್ಟೀರಿಯಾದ ಸಣ್ಣ ಸಣ್ಣ ಗುಂಪುಗಳು. ಅದರ ಹೆಸರು ಫ್ಯೂಸೋಬ್ಯಾಕ್ಟೀರಿಯಂ ನೆಕ್ರೋಫೋರಮ್. ಸ್ಕ್ಯಾನ್ ಮಾಡಿದರೆ ಕತ್ತಿನ ಜುಗುಲರ್ ರಕ್ತನಾಳದಲ್ಲಿ ಹೆಪ್ಪು. ಅದರ ಚೂರುಗಳು ಹೋಗಿ ಶ್ವಾಸಕೋಶದಲ್ಲಿ ಕೂತಿದ್ದವು.

ಇದಕ್ಕೆ ಲೆಮಿಯೇರ್ ಸಿಂಡ್ರೋಮ್ ಅಂತ ಹೆಸರು. 1936ರಲ್ಲಿ ಫ್ರಾನ್ಸಿನ ಡಾಕ್ಟರು ಆಂದ್ರೇ ಲೆಮಿಯೇರ್ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಇಂಥ 20 ರೋಗಿಗಳ ಬಗ್ಗೆ ಬರೆದರು. ಅವರಲ್ಲಿ 18 ಜನ ಸತ್ತಿದ್ದರು. ಪೆನಿಸಿಲಿನ್ ಬಂದ ಮೇಲೆ ಇದು ಅಪರೂಪವಾಯಿತು, ಡಾಕ್ಟರುಗಳೂ ಇದನ್ನು ಮರೆತರು. ಆ ಹುಡುಗ ನುಂಗಿದ ಅಜಿಥ್ರೋಮೈಸಿನ್ ಈ ಬ್ಯಾಕ್ಟೀರಿಯಾಗೆ ಅಷ್ಟಾಗಿ ನಾಟುವುದೂ ಇಲ್ಲ. ನಾಟಿದ್ದು ಮೆಟ್ರೋನಿಡಜೋಲ್. ಹೌದು, ನಾವು ಭೇದಿಗೆ ನುಂಗುತ್ತೇವಲ್ಲ, ಅದೇ.

ಎಲ್ಲ ಜ್ವರಕ್ಕೂ ಕಲ್ಚರ್ ಮಾಡಿಸಿ ಅಂತ ನಾನು ಹೇಳುತ್ತಿಲ್ಲ. ಇಂಥವು ಬೆರಳೆಣಿಕೆಯಷ್ಟೇ, ಒಪ್ಪುತ್ತೇನೆ. ಆದರೆ ಸೂಜಿ ಚುಚ್ಚಿ ಆಗಿದೆ, ರಕ್ತ ಬಂದಾಗಿದೆ. ಇನ್ನೊಂದು ಹತ್ತು ಎಂಎಲ್ ಆ ಬಾಟಲಿಗೂ ಹಾಕುವುದಕ್ಕೆ ಏನು ಕಷ್ಟ?

ಮೊನ್ನೆ ಬಂದ ಟ್ರೇ ನೋಡಿದೆ. ಎಲ್ಲರದ್ದೂ ಒಂದೊಂದೇ ಬಾಟಲಿ. ಫೋನ್ ಮಾಡಿ ಕೇಳಿದರೆ, "ಇನ್ನೊಂದು ಸ್ಟಾಕ್ ಇಲ್ಲ ಮೇಡಂ, ಯಾರೂ ಕೇಳಲ್ಲ ಅಂತ ತರಿಸೋದು ಬಿಟ್ಟಿದ್ದಾರೆ."