ಕಸ ಸುಟ್ಟರೆ ಕಾಸು

ತಾನೇ ಗಲೀಜು ಮಾಡಿ, ತಾನೇ ತೊಳೆದು, ತೊಳೆದಿದ್ದಕ್ಕೆ ಊರವರ ಹತ್ತಿರ ಕೂಲಿ ಕೇಳುವವರನ್ನು ನಾವು ಬೈಯುತ್ತೇವೆ. ಭೂಮಿ ಕಾಯುವುದನ್ನು ತಡೆಯಲು ದೇಶಗಳು ಮಾಡಿಕೊಂಡ ಕ್ಯೋಟೊ ಒಪ್ಪಂದ ಮಾತ್ರ ಅಂಥವರಿಗೆ ಸರ್ಟಿಫಿಕೇಟ್ ಕೊಟ್ಟಿತು.

ಎಚ್‌ಸಿಎಫ್‌ಸಿ-22 ಅಂತ ಒಂದು ಅನಿಲ. ಎಸಿಯೊಳಗಿದ್ದರೆ ಕೋಣೆ ತಂಪು, ಆಕಾಶಕ್ಕೆ ಹೋದರೆ ಓಝೋನ್‌ಗೆ ತೂತು. ಇದನ್ನು ಹಂತಹಂತವಾಗಿ ನಿಲ್ಲಿಸಿ ಅನ್ನುವುದು ಮಾಂಟ್ರಿಯಲ್ ಒಪ್ಪಂದ. ಇದನ್ನು ತಯಾರಿಸುವಾಗ ಎಚ್‌ಎಫ್‌ಸಿ-23 ಅನ್ನುವ ಇನ್ನೊಂದು ಅನಿಲ ಬೇಡವೆಂದರೂ ಹುಟ್ಟುತ್ತದೆ, ನೂರು ಕಿಲೋಗೆ ಎರಡು-ಮೂರು ಕಿಲೋ. ಅದು ಓಝೋನ್ ತಂಟೆಗೆ ಹೋಗುವುದಿಲ್ಲ, ಪಾಪ. ಭೂಮಿಯನ್ನು ಕಾಯಿಸುವುದರಲ್ಲಿ ಮಾತ್ರ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಾರು ಪಟ್ಟು ಗಟ್ಟಿಗ.

ಕ್ಯೋಟೊ ಲೆಕ್ಕದಲ್ಲಿ ಚೀನಾ, ಭಾರತದಂಥ ದೇಶಗಳ ಕಾರ್ಖಾನೆ ಈ ಕಸವನ್ನು 1 ಟನ್ ಸುಟ್ಟರೆ 11,700 ಕಾರ್ಬನ್ ಕ್ರೆಡಿಟ್, ಅಂದರೆ ಹೊಗೆ ತಡೆದಿದ್ದಕ್ಕೆ ಸಿಗುವ, ಮಾರಬಹುದಾದ ಚೀಟಿ. ಸುಡುವ ಖರ್ಚು ಅದರ ಮುಂದೆ ಚಿಲ್ಲರೆ. ಕ್ರೆಡಿಟ್ ಕೊಂಡ ಶ್ರೀಮಂತ ದೇಶಗಳು ಅಷ್ಟೇ ಹೊಗೆಯನ್ನು ತಮ್ಮಲ್ಲಿ ನಿಶ್ಚಿಂತೆಯಿಂದ ಬಿಡಬಹುದಿತ್ತು.

ಈಗ ಕಾರ್ಖಾನೆ ಮ್ಯಾನೇಜರ್ ಕುರ್ಚಿಯಲ್ಲಿ ಕೂತು ಯೋಚಿಸಿ. ಸರಕಿಗಿಂತ ಕಸಕ್ಕೇ ಜಾಸ್ತಿ ರೇಟು. ಅಷ್ಟರಲ್ಲಿ ಎಳೆ ಎಂಜಿನಿಯರ್ ಒಬ್ಬ ಬಂದು, “ಸಾರ್, ರಿಯಾಕ್ಟರ್ ಸ್ವಲ್ಪ ಸರಿಮಾಡಿದರೆ ಕಸ ಅರ್ಧಕ್ಕೆ ಇಳಿಯುತ್ತೆ” ಅನ್ನುತ್ತಾನೆ. ಏನು ಹೇಳುತ್ತೀರಿ? “ಸುಮ್ನಿರಪ್ಪಾ, ಬೋನಸ್ ಬೇಡ್ವಾ?”

ಅನುಮಾನಪಟ್ಟು ಲೆಕ್ಕ ತೆಗೆದವರಿಗೂ ಕಂಡಿದ್ದು ಇಂಥದ್ದೇ. ಕ್ರೆಡಿಟ್ ಸಿಗುವ ಮಿತಿ ಮುಟ್ಟುವವರೆಗೆ ಉತ್ಪಾದನೆ ಭರ್ಜರಿ. ಕ್ರೆಡಿಟ್ ಸಿಗದ ದಿನಗಳಲ್ಲಿ ಕೆಲವು ಕಡೆ ಕಸ ತಾನಾಗಿಯೇ ಕಮ್ಮಿ! ಒಂದು ಒಪ್ಪಂದ ಅಂಗಡಿ ಮುಚ್ಚು ಅನ್ನುತ್ತದೆ, ಇನ್ನೊಂದು ಗಲ್ಲಾಪೆಟ್ಟಿಗೆ ತುಂಬಿಸುತ್ತದೆ. ಎರಡಕ್ಕೂ ವಿಶ್ವಸಂಸ್ಥೆಯದೇ ಚಪ್ಪರ.

2013ರ ಮೇ ತಿಂಗಳಿಂದ ಯುರೋಪ್ ಈ ಕ್ರೆಡಿಟ್‌ಗಳನ್ನು ಒಲ್ಲೆ ಎಂದಿತು. ಆಗ ಗಹನವಾದ ಪ್ರಶ್ನೆಯೊಂದು ಎದ್ದಿತು: ದುಡ್ಡು ಬರದಿದ್ದರೆ ಯಾರು ಸುಡುತ್ತಾರೆ? ಕುಲುಮೆ ಇದೆ, ಅನಿಲ ಇದೆ, ಗುಂಡಿ ಒತ್ತಲು ಆಳೂ ಇದ್ದಾನೆ. ಉತ್ಸಾಹ ಮಾತ್ರ ಇಲ್ಲ. ಕೊನೆಗೆ ಮಾಂಟ್ರಿಯಲ್ ಒಪ್ಪಂದಕ್ಕೆ 2016ರಲ್ಲಿ ಮಾಡಿದ ಕಿಗಾಲಿ ತಿದ್ದುಪಡಿಯಲ್ಲಿ ದೇಶಗಳು ಈ ಕಸವನ್ನು ನಾಶಮಾಡಲು ಒಪ್ಪಿದವು. ಭಾರತ ಅದೇ ವರ್ಷ ತನ್ನ ಕಂಪನಿಗಳಿಗೆ, ನಿಮ್ಮ ಖರ್ಚಿನಲ್ಲೇ ಸುಡಿ ಎಂದು ಆದೇಶಿಸಿತು. ಇಷ್ಟು ಚಿಕ್ಕ ವಾಕ್ಯ ಹೊಳೆಯಲು ಎಷ್ಟು ಸಭೆ, ಎಷ್ಟು ವಿಮಾನ ಟಿಕೆಟ್ ಬೇಕಾದವೋ!

ಚೀನಾ, ಭಾರತ ಎರಡೂ ಕಾಗದದ ಮೇಲೆ ಭಾರಿ ಕಡಿತ ತೋರಿಸಿದವು. ವಿಜ್ಞಾನಿಗಳು ಗಾಳಿಯನ್ನೇ ಅಳೆದು ನೋಡಿದರೆ, 2018ರಲ್ಲಿ ಜಗತ್ತು ಈ ಅನಿಲವನ್ನು ಹಿಂದೆಂದೂ ಇಲ್ಲದಷ್ಟು ಹೊರಬಿಟ್ಟಿತ್ತು. ಗಾಳಿಗೆ ಆದೇಶದ ಪ್ರತಿ ತಲುಪಿರಲಿಲ್ಲವೇನೋ.