ಓದಿ ಕೇಳಿ ತಿಳಿದು ಸಹಿ ಮಾಡಿರುತ್ತೇನೆ

ಹೋದ ವರ್ಷ ಇಟಲಿಯ ಬೊಲೊನ್ಯದಲ್ಲಿ ಒಂದು ಫ್ಲಾಟ್ ತಗೊಂಡ್ವಿ, ಎರಡು ರೂಮು, ಒಂದು ಅಡುಗೆಮನೆ, ಕೆಳಗಡೆ ನೆಲಮಾಳಿಗೇಲಿ ಸಾಮಾನಿಡೋಕೆ ಒಂದು ಸಣ್ಣ ಕೋಣೆ, ಅದಕ್ಕೆ ಇಲ್ಲಿನವರು ಕಾಂತೀನಾ ಅಂತಾರೆ. ರಿಜಿಸ್ಟ್ರೇಷನ್ ದಿನ ಆಫೀಸಿಗೆ ಬರೀ ಅರ್ಧ ದಿನ ರಜ ಹಾಕಿದ್ದೆ. ನನ್ನ ತಲೇಲಿದ್ದಿದ್ದು ನಮ್ಮ ಕಡೆ ಸಬ್ ರಿಜಿಸ್ಟ್ರಾರ್ ಆಫೀಸು ತಾನೇ, ಬೆಳಗ್ಗೆಯಿಂದ ಹೊರಗಡೆ ಕಾಯೋದು, ಒಳಗೆ ಹೋದ್ಮೇಲೆ ಫೋಟೋ, ಹೆಬ್ಬೆಟ್ಟು, ಇಲ್ಲಿ ಸಹಿ, ಇಲ್ಲೂ ಸಹಿ, ಐದು ನಿಮಿಷ, ಮುಗೀತು, ಆಮೇಲೆ ಎಲ್ಲರೂ ಹೋಟೆಲಿಗೆ ಹೋಗಿ ಮಸಾಲೆ ದೋಸೆ.

ಇಲ್ಲಿ ನೋಟಾಯೋ ಅಂತ ಒಬ್ಬರು ಇರ್ತಾರೆ. ನೋಟರಿ ಅಂದ ತಕ್ಷಣ ನಮ್ಮ ಕೋರ್ಟ್ ಮುಂದೆ ಟೇಬಲ್ ಹಾಕ್ಕೊಂಡು ಸೀಲ್ ಹೊಡೆಯೋರು ಅಂದ್ಕೋಬೇಡಿ, ಇವರು ಕಾನೂನು ಓದಿ ಕಷ್ಟದ ಪರೀಕ್ಷೆ ಪಾಸ್ ಮಾಡಿ ಸರ್ಕಾರದಿಂದ ನೇಮಕ ಆದೋರು, ಮನೆಯ ಹಿಂದಿನ ಇಪ್ಪತ್ತು ವರ್ಷದ ದಾಖಲೆ ಇವರೇ ತೆಗೆಸಿ ನೋಡ್ಬೇಕು, ತಪ್ಪಾದ್ರೆ ಇವರೇ ಜವಾಬ್ದಾರಿ. ಮೇಜಿನ ಸುತ್ತ ನಾನು, ನನ್ನ ಹೆಂಡತಿ, ಮನೆ ಮಾರ್ತಿದ್ದ ಅಕ್ಕ ತಮ್ಮ, ಅವರಿಬ್ಬರಿಗೂ ಅರವತ್ತು ದಾಟಿದೆ, ಜೊತೆಗೆ ನಮಗೋಸ್ಕರ ಒಬ್ಬಳು ಇಂಟರ್ಪ್ರಿಟರ್ ಹುಡುಗಿ. ನೋಟಾಯೋ ಕನ್ನಡಕ ಹಾಕ್ಕೊಂಡು ಕ್ರಯಪತ್ರ ಓದೋಕೆ ಶುರು ಮಾಡಿದ್ರು. ಮೊದಲನೇ ಪುಟ ಓದಿ ನಿಲ್ಲಿಸ್ತಾರೆ ಅಂದ್ಕೊಂಡೆ. ಇಲ್ಲ, ಎಲ್ಲಾ ಓದಿದ್ರು, ಜೋರಾಗಿ, ಒಂದೊಂದು ಸಾಲನ್ನೂ, ಆ ಹುಡುಗಿ ಅದನ್ನ ನಮಗೆ ಇಂಗ್ಲಿಷಲ್ಲಿ ಹೇಳ್ತಾ ಬಂದ್ಳು.

ಕಾಂತೀನಾ ವಿಷಯ ಬಂದಾಗ ಆ ಅಕ್ಕ ಕೈ ಎತ್ತಿದ್ರು. ಇದೂ ಇದರಲ್ಲಿ ಸೇರಿದ್ಯಾ, ಅದು ಬೇರೆ ಅಂತ ತಮ್ಮ ಹೇಳಿದ್ದ, ಅಮ್ಮನ ಹೊಲಿಗೆ ಮಷೀನು ಇನ್ನೂ ಅಲ್ಲೇ ಇದೆ ಅಂದ್ರು. ತಮ್ಮ, ಅದನ್ನ ಆಮೇಲೆ ಮಾತಾಡೋಣ ಬಿಡು ಅಂದ. ನೋಟಾಯೋ ಪೆನ್ನಿಗೆ ಕ್ಯಾಪ್ ಹಾಕಿ ಮೇಜಿನ ಮೇಲಿಟ್ರು. ಸಿಟ್ಟಿಲ್ಲ, ಅವಸರ ಇಲ್ಲ. ಇವರಿಗೆ ಅರ್ಥ ಆಗೋ ತನಕ ನಾನು ಮುಂದೆ ಓದಲ್ಲ ಅಂದ್ರು. ಪ್ಲಾನ್ ತೆಗೆದು ಬೆರಳಿಟ್ಟು ತೋರಿಸಿದ್ರು, ಇಪ್ಪತ್ತು ನಿಮಿಷ ಹೋಯ್ತು, ಕೊನೆಗೆ ಕಾಂತೀನಾದ ಕೀ ನಮಗೆ ಹದಿನೈದು ದಿನ ಬಿಟ್ಟು ಕೊಡೋದು ಅಂತ ಒಂದು ಸಾಲು ಸೇರಿಸಿ ಅದನ್ನೂ ಓದಿದ್ರು. ಆಮೇಲೆ ಆ ಅಕ್ಕ ಸಹಿ ಹಾಕಿದ್ರು.

ನನ್ನ ಹೆಂಡತಿಗೆ ಮನೆ ಸಿಕ್ಕಿದ ಖುಷಿ. ನಂಗೆ ಮಾತ್ರ ಗಂಟಲು ಕಟ್ಟಿಹೋಯ್ತು, ಯಾಕಂದ್ರೆ ನಂಗೆ ನಮ್ಮ ಸೋದರತ್ತೆ ನೆನಪಾದ್ರು.

2013ರಲ್ಲಿ ಅಜ್ಜನ ತೋಟದ ಪಾಲು ಆಯ್ತು. ಪಾಲು ಅಂದ್ರೆ ದೊಡ್ಡಪ್ಪಂಗೆ ನಮ್ಮಪ್ಪಂಗೆ, ಅತ್ತೆದು ಹಕ್ಕು ಬಿಡುಗಡೆ ಪತ್ರ. ಆಗ ನಾನು ರಜದಲ್ಲಿ ಊರಿಗೆ ಬಂದಿದ್ದೆ, ಅತ್ತೇನ ಅವರ ಊರಿಂದ ಕಾರಲ್ಲಿ ಕರ್ಕೊಂಡು ಬಂದೋನು ನಾನೇ. ಬರಹಗಾರರು ಎಂಟು ಪುಟ ಟೈಪ್ ಮಾಡಿಸಿಟ್ಟಿದ್ರು. ಅತ್ತೆ ಕನ್ನಡಕ ತಂದಿರ್ಲಿಲ್ಲ. ಕಾರಲ್ಲಿ ಕೂತಾಗ ಕೇಳಿದ್ರು, ಏನಪ್ಪಾ ಬರ್ದಿದೆ ಇದರಲ್ಲಿ ಅಂತ. ನಾನು, ಏನಿಲ್ಲ ಅತ್ತೆ, ಫಾರ್ಮಾಲಿಟಿ ಅಷ್ಟೆ ಅಂದೆ. ನಾನು ಕೂಡ ಓದಿರ್ಲಿಲ್ಲ. ಮಧ್ಯಾಹ್ನ ದೊಡ್ಡಪ್ಪನ ಮನೇಲಿ ಹೋಳಿಗೆ ಊಟ, ಅತ್ತೆಗೆ ಸೀರೆ, ಕುಪ್ಪಸದ ಕಣ, ಅರಿಶಿನ ಕುಂಕುಮ, ಒಂದು ಕವರು. ಆ ಪತ್ರದ ಕೊನೇಲಿ ಎಲ್ಲಾ ಪತ್ರದ ಹಾಗೇ ಬರ್ದಿತ್ತು, ಈ ಪತ್ರವನ್ನು ಓದಿ ಕೇಳಿ ತಿಳಿದು ಸ್ವ ಇಚ್ಛೆಯಿಂದ ಸಹಿ ಮಾಡಿರುತ್ತೇನೆ ಅಂತ. ನಮ್ಮಲ್ಲೂ ಆ ಸಾಲು ಇದೆ ನೋಡಿ! ಓದೋರು ಮಾತ್ರ ಇಲ್ಲ.

ಅವತ್ತು ಎಲ್ಲಾ ಮುಗಿದ್ಮೇಲೆ ನೋಟಾಯೋನ ಕೇಳಿದೆ, ಯಾಕೆ ಸಾರ್ ಪೂರ್ತಿ ಓದ್ತೀರ ಅಂತ. ಕಾನೂನು ಹಾಗಿದೆ ಅಂದ್ರು, ಆಮೇಲೆ, ನೀವು ಇದೇ ಊರಲ್ಲಿ ಇದ್ದೀರಲ್ಲ, ಸಾನ್ ದೊಮೆನಿಕೊ ಚೌಕಕ್ಕೆ ಹೋಗಿ ಅಲ್ಲಿ ಕಂಬದ ಮೇಲಿರೋ ಸಮಾಧಿ ನೋಡಿ ಅಂದ್ರು. ಒಂಬತ್ತು ವರ್ಷದಿಂದ ಆ ಚೌಕದಲ್ಲಿ ಓಡಾಡಿದೀನಿ, ಅದು ಯಾರೋ ರಾಜಂದೋ ಪಾದ್ರಿದೋ ಅಂದ್ಕೊಂಡಿದ್ದೆ. ಅದು ರೊಲಾಂದಿನೊ ದೆ ಪಸ್ಸಜ್ಜೆರಿ ಅನ್ನೋ 13ನೇ ಶತಮಾನದ ಒಬ್ಬ ನೋಟಾಯೋನ, ಅಂದ್ರೆ ಕರಾರು ಪತ್ರ ಬರೆಯೋನ ಸಮಾಧಿ! ಪತ್ರ ಹೇಗೆ ಬರೀಬೇಕು ಅಂತ ಇವನು ಬರೆದ ಪುಸ್ತಕವನ್ನ ಯುರೋಪಲ್ಲಿ ನೂರಾರು ವರ್ಷ ಪಾಠ ಮಾಡಿದ್ದಾರೆ. ಊರ ಮಧ್ಯೆ ಚೌಕದಲ್ಲಿ ಪತ್ರ ಬರೆಯೋನಿಗೆ ಇಷ್ಟು ಎತ್ತರದ ಸಮಾಧಿ ಕಟ್ಟಿದ ಜನ ಪತ್ರ ಅನ್ನೋದನ್ನ ಎಷ್ಟು ಗಂಭೀರವಾಗಿ ತಗೊಂಡಿರ್ಬೇಕು ಅಂತ ಅಲ್ಲಿ ಸುಮಾರು ಹೊತ್ತು ನಿಂತ್ಕೊಂಡೆ.

ಅಲ್ಲಿಂದ ಹುಚ್ಚು ಹಿಡೀತು, ಸಿಕ್ಕಿದ್ದೆಲ್ಲ ಓದಿದೆ. 1265ರಲ್ಲಿ ಈ ಊರಿನ ಆಡಳಿತ, 20 ಲೀರಾ ಮೇಲಿನ ಯಾವುದೇ ಕರಾರನ್ನ ಸರ್ಕಾರಿ ರಿಜಿಸ್ಟರಲ್ಲಿ ನಕಲು ಮಾಡಿಸ್ಲೇಬೇಕು ಅಂತ ಮಾಡ್ತು. ಆ ರಿಜಿಸ್ಟರುಗಳು ಇವತ್ತೂ ಇವೆ. ಅದರಲ್ಲಿ ನಂಗೆ ಬಹಳ ಇಷ್ಟ ಆಗಿದ್ದು ಏನು ಅಂದ್ರೆ, ಎರಡು ಕರಾರಿನ ಮಧ್ಯೆ ಖಾಲಿ ಜಾಗ ಉಳಿದ್ರೆ ಆಮೇಲೆ ಯಾರಾದ್ರೂ ಏನಾದ್ರೂ ಸೇರಿಸಿಬಿಡ್ತಾರೆ ಅಂತ ಬರಹಗಾರರು ಅಲ್ಲಿ ಪದ್ಯ ಬರ್ದು ಜಾಗ ಮುಚ್ತಿದ್ರಂತೆ, 1287ರಲ್ಲಿ ಒಬ್ಬ ಹಾಗೆ ಬರೆದಿಟ್ಟ ಒಂದು ಪದ್ಯ ಇಟಲಿಯ ಮಹಾಕವಿ ಡಾಂಟೆದು. ನಮ್ಮ ಶಾಸನಗಳಲ್ಲಿ ದಾನ, ಚತುಸ್ಸೀಮೆ ಎಲ್ಲಾ ಹೇಳಿ ಕೊನೇಲಿ ಸ್ವದತ್ತಾಂ ಪರದತ್ತಾಂ ವಾ ಅಂತ ಶಾಪ ಹಾಕಿ, 60 ಸಾವಿರ ವರ್ಷ ಹುಳ ಆಗ್ತೀಯ ಅಂತ ಹೆದರಿಸಿ ಬಿಡ್ತಿದ್ವಿ. ಇವರು ಕಳ್ಳನಿಗೆ ಜಾಗಾನೇ ಬಿಡ್ಲಿಲ್ಲ.

ಇದರ ಬೇರು ಇನ್ನೂ ಹಿಂದೆ ರೋಮಲ್ಲಿದೆ. ಅಲ್ಲಿ ಸ್ಟಿಪ್ಯುಲಾಶಿಯೊ ಅಂತ ಒಂದು ಕರಾರಿನ ಕ್ರಮ ಇತ್ತು, ಕಾಗದ ಬೇಕಿಲ್ಲ. ಒಬ್ಬ ಕೇಳ್ಬೇಕು, ಕೊಡ್ತೀನಿ ಅಂತ ಮಾತು ಕೊಡ್ತೀಯಾ? ಇನ್ನೊಬ್ಬ ಅದೇ ಮಾತಲ್ಲಿ ಉತ್ತರ ಹೇಳ್ಬೇಕು, ಕೊಡ್ತೀನಿ. ಅಷ್ಟೇ, ಕಟ್ಟುಬಿದ್ದ. 2ನೇ ಶತಮಾನದ ಗಾಯಸ್ ಅನ್ನೋ ಕಾನೂನು ಪಂಡಿತ ಹೇಳ್ತಾನೆ, ಮೂಗರು ಈ ಕರಾರು ಮಾಡೋಕಾಗಲ್ಲ, ಕಿವಿ ಕೇಳದವರೂ ಮಾಡೋಕಾಗಲ್ಲ ಅಂತ, ಯಾಕಂದ್ರೆ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳ್ಲೇಬೇಕು. ಮುಂದೆ 533ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ಚಕ್ರವರ್ತಿ ಜಸ್ಟಿನಿಯನ್ ಹಳೇ ಕಾನೂನೆಲ್ಲಾ ಸೇರಿಸಿ ಪುಸ್ತಕ ಮಾಡಿಸ್ದಾಗ, ಯಾವ ಭಾಷೆಯಾದ್ರೂ ಸರಿ, ಇಬ್ಬರಿಗೂ ಅರ್ಥ ಆಗ್ಬೇಕು ಅಂತ ಬರೆಸಿದ. ಸ್ಟಿಪ್ಯುಲಾಶಿಯೊ ಈಗಿಲ್ಲ. ಆದ್ರೆ ನನ್ನ ಪಕ್ಕ ಕೂತು ಆ ಹುಡುಗಿ ನಂಗರ್ಥ ಆಗೋ ಭಾಷೇಲಿ ಹೇಳ್ತಿದ್ಳಲ್ಲ, ಅವತ್ತಿಂದ ನಂಗೆ ಆ ಹಳೇ ಸಾಲೇ ಕಿವೀಲಿ ಗುಂಯ್ ಅನ್ನುತ್ತೆ.

ಇನ್ನೊಂದು ವಿಷಯ. ಮನೆ ಮಾರಿದ ಆ ಅಕ್ಕ ಅಲ್ಲಿ ಕೂತಿದ್ದೇ ಹೇಗೆ ಗೊತ್ತಾ? ಅವರ ತಾಯಿ ಉಯಿಲಲ್ಲಿ ಮನೆ ಪೂರ್ತಿ ಮಗನಿಗೆ ಬರ್ದಿದ್ರಂತೆ. ಇಟಲಿ ಕಾನೂನಲ್ಲಿ ಅದು ನಡೆಯಲ್ಲ, ಗಂಡ ಇಲ್ಲ, ಇಬ್ಬರು ಮಕ್ಕಳಿದ್ರೆ ಆಸ್ತೀಲಿ ಮೂರರಲ್ಲಿ ಎರಡು ಭಾಗ ಮಕ್ಕಳದ್ದೇ, ಒಬ್ಬೊಬ್ಬರಿಗೆ ಮೂರನೇ ಒಂದು, ಉಯಿಲಲ್ಲಿ ಏನೇ ಬರೀಲಿ ಅವರು ಕೇಳಿದ್ರೆ ಕೊಡ್ಲೇಬೇಕು. ಇದೂ ರೋಮಿಂದೇ. ಮಕ್ಕಳನ್ನ ಕಾರಣ ಇಲ್ದೆ ಬಿಟ್ಟು ಉಯಿಲು ಬರೆದ್ರೆ, ಇದನ್ನ ಬರೆಯುವಾಗ ನಮ್ಮಪ್ಪನ ತಲೆ ಸರಿ ಇರ್ಲಿಲ್ಲ ಅನ್ನೋ ತರ ವಾದ ಮಾಡಿ ಮಕ್ಕಳು ಅಲ್ಲಿ ಕೇಸು ಹಾಕ್ತಿದ್ರು, 536ರಲ್ಲಿ ಜಸ್ಟಿನಿಯನ್, ನಾಲ್ಕು ಮಕ್ಕಳವರೆಗೆ ಆಸ್ತಿಯ ಮೂರನೇ ಒಂದು ಭಾಗ, ಅದಕ್ಕಿಂತ ಜಾಸ್ತಿ ಮಕ್ಕಳಿದ್ರೆ ಅರ್ಧ ಅವರಿಗೆ ಮೀಸಲು ಅಂತ ಮಾಡ್ದ. 1804ರಲ್ಲಿ ನೆಪೋಲಿಯನ್ ತಂದ ಫ್ರಾನ್ಸಿನ ಕೋಡಲ್ಲಿ, ಅಂದ್ರೆ ಕಾನೂನು ಸಂಹಿತೇಲಿ, ಇಟಲಿಯ 1942ರ ಕೋಡಲ್ಲಿ, ಎಲ್ಲಾ ಕಡೆ ಇದರ ಮರಿಗಳಿವೆ. ಜರ್ಮನಿಯ ಎಷ್ಟೋ ಪ್ರಾಂತ್ಯಗಳಲ್ಲಂತೂ 1900ರ ಜನವರಿ 1ಕ್ಕೆ ಹೊಸ ಕೋಡ್ ಬರೋ ತನಕ ಜಸ್ಟಿನಿಯನ್ ಪುಸ್ತಕವೇ ಕೋರ್ಟಲ್ಲಿ ಚಾಲ್ತಿಲಿತ್ತು, ಈಗ್ಲೂ ಅಲ್ಲಿ ಮನೆ ಪತ್ರ ಜೋರಾಗಿ ಓದ್ಲೇಬೇಕು. ನಮಗೆ ಬಂದಿದ್ದು ಇಂಗ್ಲೆಂಡಿನ ದಾರಿ, ಅಲ್ಲಿ ಇಂಥ ನೋಟಾಯೋ ಇಲ್ಲ, ಸ್ವಯಾರ್ಜಿತ ಆಸ್ತಿ ಯಾರಿಗೆ ಬೇಕಾದ್ರೂ ಬರೀಬಹುದು, ನಮ್ಮಲ್ಲಿ ರಿಜಿಸ್ಟ್ರಾರು ಕಾಗದ ದಾಖಲು ಮಾಡ್ತಾರೆ, ಆಸ್ತಿ ನಿಜವಾಗ್ಲೂ ಯಾರದ್ದು ಅನ್ನೋದು ಕೊಳ್ಳೋನ ತಲೆನೋವು. ಇಸಿ ತೆಗೆಸು, ಪಹಣಿ ತೆಗೆಸು, ವಂಶವೃಕ್ಷ ತೆಗೆಸು, ಎಲ್ಲಾ ನೀನೇ.

ಇಷ್ಟೆಲ್ಲಾ ಹೇಳಿದ್ಮೇಲೆ ಇನ್ನೊಂದು ಹೇಳ್ದೆ ಹೋದ್ರೆ ಮನಸ್ಸು ಒಪ್ಪಲ್ಲ. ಜಸ್ಟಿನಿಯನ್ ಸಂಗ್ರಹದ ಮುಖ್ಯ ಭಾಗ ಡೈಜೆಸ್ಟ್, ಅದನ್ನ ಪಶ್ಚಿಮ ಯುರೋಪಲ್ಲಿ ನಾನೂರು ವರ್ಷಕ್ಕೂ ಮೇಲೆ ಯಾರೂ ಎತ್ತಿರ್ಲಿಲ್ಲ. ಮತ್ತೆ ಅದರ ಹೆಸರು ಕಾಣೋದು 1076ರಲ್ಲಿ, ಟಸ್ಕನಿಯ ಮಾರ್ತುರಿ ಅನ್ನೋ ಜಾಗದ ಒಂದು ಮಠದ ಆಸ್ತಿ ವ್ಯಾಜ್ಯದಲ್ಲಿ. ಆಮೇಲೆ ಇರ್ನೇರಿಯಸ್ ಅನ್ನೋ ಪಂಡಿತ ಬೊಲೊನ್ಯದಲ್ಲಿ ಅದನ್ನ ಸಾಲು ಸಾಲಾಗಿ ಓದಿ ಪಾಠ ಮಾಡ್ದ, ಅಂಚಲ್ಲಿ ಟಿಪ್ಪಣಿ ಬರ್ದ, ಅವನಾದ್ಮೇಲೆ ಬಂದೋರು ಬರೀತಾ ಹೋದ್ರು, 13ನೇ ಶತಮಾನದಲ್ಲಿ ಅಕ್ಕುರ್ಸಿಯಸ್ ಅವನ್ನೆಲ್ಲ ಒಟ್ಟು ಮಾಡ್ದಾಗ ಟಿಪ್ಪಣಿಗಳೇ 96 ಸಾವಿರ ದಾಟಿದ್ವು. ಅದೇ 1076ರಲ್ಲಿ ನಮ್ಮ ಕಲ್ಯಾಣದಲ್ಲಿ ಆರನೇ ವಿಕ್ರಮಾದಿತ್ಯ ಪಟ್ಟಕ್ಕೆ ಬಂದ. ಅವನ ಆಸ್ಥಾನದಲ್ಲಿ ವಿಜ್ಞಾನೇಶ್ವರ, ಕಲಬುರಗಿ ಹತ್ತಿರದ ಮರ್ತೂರಿನವನು ಅಂತಾರೆ, ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಅನ್ನೋ ವ್ಯಾಖ್ಯಾನ ಬರ್ದ. ಮಾರ್ತುರಿ, ಮರ್ತೂರು. ಇಲ್ಲೂ ಹಳೇ ಪುಸ್ತಕ ಇಟ್ಕೊಂಡು ಸಾಲಿಗೆ ಸಾಲು ಅರ್ಥ ಹೇಳಿದ್ರು, ಅಲ್ಲೂ ಅದೇ ಕೆಲಸ, ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ. ಇದು ಗೊತ್ತಾದ ರಾತ್ರಿ ನಿದ್ದೆ ಬರ್ಲಿಲ್ಲ ನಂಗೆ.

ರೋಮಲ್ಲಿ ಅಪ್ಪ ಬದುಕಿರೋ ತನಕ ಮಗನಿಗೆ ಸ್ವಂತ ಅಂತ ಹೆಚ್ಚುಕಡಿಮೆ ಏನೂ ಇಲ್ಲ, ಮದುವೆ ಆಗಿ ಮಕ್ಕಳಾದ್ರೂ ಅಪ್ಪನ ಕೈಕೆಳಗೇ. ವಿಜ್ಞಾನೇಶ್ವರ ಹುಟ್ಟಿದ ಕ್ಷಣದಿಂದ ಮಗನಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಅಂದ. ಸ್ತ್ರೀಧನ ಅನ್ನೋ ಪದಕ್ಕೂ ವಿಶಾಲವಾದ ಅರ್ಥ ಕೊಟ್ಟು, ಹೆಂಗಸಿಗೆ ವಾರಸಾಗಿ ಬಂದ ಆಸ್ತೀನೂ ಅದರಲ್ಲೇ ಸೇರಿಸ್ದ, ಅದನ್ನ ಕಿರಿದು ಮಾಡಿದ್ದು ಬ್ರಿಟಿಷರ ಕಾಲದಲ್ಲಿ ನಮಗೆ ಕೊನೇ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್. ಆದ್ರೆ ಹುಟ್ಟಿಂದ ಬರೋ ಹಕ್ಕು ಮಗನಿಗೆ ಮಾತ್ರ, ಮಗಳಿಗಲ್ಲ. ರೋಮಲ್ಲಿ ಉಯಿಲಿಲ್ದೆ ಅಪ್ಪ ಸತ್ರೆ ಹನ್ನೆರಡು ಫಲಕಗಳು ಅನ್ನೋ ಅವರ ಹಳೇ ಲಿಖಿತ ಕಾನೂನಿನ ಕಾಲದಿಂದ, ಅಂದ್ರೆ ಕ್ರಿ.ಪೂ. 450ರ ಹೊತ್ತಿಂದ, ಅವನ ಮನೇಲಿದ್ದ ಮಗಳಿಗೂ ಮಗನಷ್ಟೇ ಪಾಲು.

ಸರಿ, ಅವರದ್ದೂ ಎಲ್ಲಾ ಚಿನ್ನ ಅಲ್ಲ, ಒಪ್ಕೋತೀನಿ. ಪಾಲು ಬಂದ್ರೂ ರೋಮಿನ ಹೆಂಗಸು ಜಮೀನು ಮಾರೋಕೆ ಒಬ್ಬ ಗಂಡಸು ಪೋಷಕನ ಒಪ್ಪಿಗೆ ಬೇಕಿತ್ತು. ಇದೇ ಇಟಲೀಲಿ 1919ರ ತನಕ ಮದುವೆಯಾದೋಳು ಗಂಡನ ಅನುಮತಿ ಇಲ್ದೆ ತನ್ನ ಆಸ್ತಿ ಮಾರೋಹಾಗಿರ್ಲಿಲ್ಲ. ನೋಟಾಯೋ ಫೀಸು ನಾನು ಕೊಟ್ಟಿದ್ದು ಸಾವಿರಾರು ಯೂರೋ, ನಮ್ಮೂರ ರೈತ ಅಷ್ಟು ಎಲ್ಲಿಂದ ತರ್ತಾನೆ. ಕೋರ್ಟಿಗೆ ಹೋದ್ರಂತೂ ನಮ್ಮ ತರಾನೇ, ಕೇಸು ಎಷ್ಟು ಎಳೆಯುತ್ತೆ ಅಂದ್ರೆ ತಡ ಆಗಿದ್ದಕ್ಕೆ ಪರಿಹಾರ ಕೊಡೋಕೇ 2001ರಲ್ಲಿ ಒಂದು ಕಾನೂನು ಮಾಡಿದ್ದಾರೆ. ಮತ್ತೆ ಕರ್ನಾಟಕ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ 1994ರಲ್ಲೇ ಮಾಡ್ತು, ಆಗಲೇ ಮದುವೆ ಆಗಿದ್ದವರನ್ನ ಬಿಟ್ಟು, ಕೇಂದ್ರಕ್ಕಿಂತ ಹನ್ನೊಂದು ವರ್ಷ ಮೊದಲು. 2005ರ ತಿದ್ದುಪಡಿ ಆದ್ಮೇಲೆ ನಮ್ಮತ್ತೆಗೂ ಹಕ್ಕಿತ್ತು. 2013ರಲ್ಲಿ ಅತ್ತೆ ಕೈಲಿದ್ದಿದ್ದು ಆ ಹಕ್ಕೇ, ಕಾನೂನು ಆಗಲೇ ಅವರ ಪರ ಇತ್ತು, ಅದನ್ನ ಅವರ ಕಿವಿಗೆ ಹಾಕ್ಬೇಕಾಗಿದ್ದೋನು ಪಕ್ಕದಲ್ಲಿ ಕಾರ್ ಓಡಿಸ್ತಿದ್ದ ನಾನು.

ಹೋದ ತಿಂಗಳು ನನ್ನ ತಮ್ಮನಿಗೆ ಹೇಳಿ ಅತ್ತೆ ಸಹಿ ಹಾಕಿದ ಆ ಪತ್ರದ ಫೋಟೋ ತರಿಸ್ಕೊಂಡೆ. ಭಾನುವಾರ ಅತ್ತೆಗೆ ಫೋನ್ ಮಾಡಿ, ಅತ್ತೆ, ಇದನ್ನ ನಿಮಗೆ ಅವತ್ತು ಓದ್ಬೇಕಿತ್ತು, ಈಗ ಓದ್ತೀನಿ, ಕೇಳ್ತೀರಾ ಅಂದೆ. ಯಾಕಪ್ಪ ಈಗ ಅಂದ್ರು, ಆಮೇಲೆ ಸರಿ ಓದು ಅಂದ್ರು. ಎಂಟೂ ಪುಟ ಓದಿದೆ, ಸದರಿ, ಷೆಡ್ಯೂಲು, ಬಾಧ್ಯತೆ ಅನ್ನೋ ಕಡೆಯೆಲ್ಲ ನಿಲ್ಲಿಸಿ ಬಿಡಿಸಿ ಹೇಳ್ದೆ. ಚಕ್ಕುಬಂದಿ ಬಂದಾಗ ಅತ್ತೆ ತಡೆದ್ರು.

"ಬಾವಿ ಪಕ್ಕದ ಎರಡು ತೆಂಗಿನಮರ ಇದೆಯಲ್ಲ, ಅವು ಇದರೊಳಗೆ ಬರುತ್ತಾ? ಅದರ ಕಾಯಿ ವರ್ಷಾ ವರ್ಷಾ ನಿಂಗೇ ಅಂತ ನಿಮ್ಮ ದೊಡ್ಡಪ್ಪ ಹೇಳಿದ್ದ."

"ಬಾವಿ ಸಮೇತ ಇದರಲ್ಲೇ ಸೇರಿದೆ ಅತ್ತೆ. ಕಾಯಿ ವಿಷಯ ಎಲ್ಲೂ ಬರ್ದಿಲ್ಲ."

ಸುಮಾರು ಹೊತ್ತು ಆ ಕಡೆಯಿಂದ ಮಾತಿಲ್ಲ, ಲೈನ್ ಕಟ್ಟಾಯ್ತೇನೋ ಅಂದ್ಕೊಂಡೆ.

"ಮುಂದೆ ಓದಪ್ಪ" ಅಂದ್ರು.